ಬೆಳಕು ಹಿಡಿದ ಗೋಡೆ, ಹಿಗ್ಗಿದ ಕೋಣೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳಲ್ಲಿ ಈಗ ಏಳುತ್ತಿರುವ ಮನೆಗಳ ಮುಂದೆ ನಿಂತು ಕೋಣೆ ಎಷ್ಟು ದೊಡ್ಡದು ಎಂದು ಕೇಳಿದರೆ ಬಹುಮಟ್ಟಿಗೆ ಒಂದೇ ಉತ್ತರ ಬರುತ್ತದೆ: ಹತ್ತು ಬೈ ಹತ್ತು. ಪಡಸಾಲೆ ಅದಕ್ಕಿಂತ ಒಂದೆರಡು ಅಡಿ ಹೆಚ್ಚು, ಅಡುಗೆಮನೆ ಒಂದೆರಡು ಅಡಿ ಕಡಿಮೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಗೊತ್ತುಮಾಡಿರುವ ಕನಿಷ್ಠ ಅಳತೆ 25 ಚದರ ಮೀಟರು, ಅಂದರೆ ಸುಮಾರು 269 ಚದರ ಅಡಿ. ಅಡುಗೆಯ ಜಾಗವೂ ಅದರೊಳಗೇ ಬರಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದು ರಾಮದುರ್ಗ, ಸವದತ್ತಿ ಭಾಗದ ಹೊಳೆದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ಕುಸಿದವು. ಮನೆ ಪೂರ್ತಿ ಕಳೆದುಕೊಂಡವರಿಗೆ 5 ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು. ಅಷ್ಟು ಹಣದಲ್ಲಿ ಕಟ್ಟಿಕೊಳ್ಳಬಹುದಾದದ್ದು ಇಂಥ ಎರಡು ಮೂರು ಸಣ್ಣ ಕೋಣೆಗಳನ್ನೇ. ಆ ಕೋಣೆಯೊಳಗೆ ಜೋಳದ ಚೀಲ, ಟ್ರಂಕು, ಟಿ.ವಿ., ಹಾಸಿಗೆಯ ಸುರುಳಿ, ಓದುವ ಮಕ್ಕಳು, ಹಾಸಿಗೆ ಹಿಡಿದ ಅಜ್ಜ, ಎಲ್ಲರೂ ಎಲ್ಲವೂ ಹೊಂದಿಕೊಳ್ಳಬೇಕು.

ಕಟ್ಟಿದ ಗೋಡೆಯನ್ನು ಹಿಂದೆ ಸರಿಸಲು ಬರುವುದಿಲ್ಲ. ಆದರೆ ಆ ಗೋಡೆ ನಮ್ಮ ಕಣ್ಣಿಗೆ ಎಷ್ಟು ದೂರದಲ್ಲಿ ನಿಂತಂತೆ ಕಾಣಬೇಕು ಎಂಬುದು ಬಹುಪಾಲು ನಮ್ಮ ಕೈಯಲ್ಲೇ ಇದೆ. ಅದಕ್ಕೆ ಬೇಕಾದದ್ದು ಸುಣ್ಣ, ಬಣ್ಣ ಮತ್ತು ಬೆಳಕಿನ ಬಗ್ಗೆ ಒಂದಿಷ್ಟು ತಿಳಿವಳಿಕೆ.

ಕೋಣೆಯ ಹಿಗ್ಗು ಬರೀ ಅಡಿಗಳ ಲೆಕ್ಕದಲ್ಲಿಲ್ಲ ಎಂಬುದಕ್ಕೆ ಮನೆ ಕಟ್ಟಿಸಿದ ಎಲ್ಲರೂ ಸಾಕ್ಷಿ. ಪಾಯ ತೋಡಿದ ದಿನ ಮನೆಯವರ ಮುಖ ಸಪ್ಪಗಾಗುತ್ತದೆ. ‘ಇಷ್ಟ ಏನ್ರೀ ಮೇಸ್ತ್ರಿ? ಇದರಾಗ ಕಾಟ್ ಹೆಂಗ ಹಿಡಿತೈತಿ?’ ಎಂದು ಕೇಳುತ್ತಾರೆ. ‘ಗ್ವಾಡಿ ಏಳ್ಲಿ ತಡೀರಿ ಅವ್ವಾರ’ ಎನ್ನುತ್ತಾನೆ ಗೌಂಡಿ. ಗೋಡೆ ಎದ್ದು, ಸ್ಲ್ಯಾಬ್ ಬಿದ್ದು, ಗಿಲಾವು ಒಣಗಿದ ಮೇಲೆ ಅದೇ ಜಾಗ ದೊಡ್ಡದಾಗಿ ಕಾಣತೊಡಗುತ್ತದೆ. ಕಿತ್ತೂರು ಕೋಟೆಯೊಳಗಿನ ಅರಮನೆಯ ಅವಶೇಷಗಳ ನಡುವೆ ಅಡ್ಡಾಡುವಾಗಲೂ ಇದು ಮನಸ್ಸಿಗೆ ಬರುತ್ತದೆ. 1824ರಲ್ಲಿ ಬ್ರಿಟಿಷರನ್ನು ಎದುರಿಸಿ ನಿಂತ ರಾಣಿ ಚನ್ನಮ್ಮನ ಮನೆ ಅದು. ಈಗ ಮೇಲೆ ಮಾಳಿಗೆಯಿಲ್ಲ, ಮೋಟು ಗೋಡೆಗಳಷ್ಟೇ ಉಳಿದಿವೆ. ಬಯಲು ಆಕಾಶದ ಕೆಳಗೆ ಆ ಕೋಣೆಗಳು ಕಿರಿದಾಗಿ ತೋರುತ್ತವೆ. ಕಣ್ಣು ಒಂದು ಜಾಗವನ್ನು ಅಳೆಯುವುದು ಅದರ ಸುತ್ತ ಏನಿದೆ, ಮೇಲೆ ಏನಿದೆ, ಎಲ್ಲಿ ಬೆಳಕಿದೆ, ಎಲ್ಲಿ ಕತ್ತಲೆಯಿದೆ ಎಂಬುದನ್ನು ನೋಡಿಕೊಂಡು.

ಬೈಲಹೊಂಗಲ ಕಡೆಯ ಹಿರಿಯ ಪೇಂಟರ್ ಒಬ್ಬರು ನನಗೆ ಇದನ್ನೇ ತಮ್ಮ ಮಾತಿನಲ್ಲಿ ಹೇಳಿದ್ದರು: ‘ಸರ, ಮನಿ ಸಣ್ಣದಾಗೂದು ಮೂಲ್ಯಾಗ. ಮೊದಲ ಮೂಲಿ ನೋಡ್ರಿ.’ ಅವರ ಮಾತು ಅಕ್ಷರಶಃ ನಿಜ. ಕತ್ತಲೆ ಕವಿದ ಮೂಲೆಯಲ್ಲಿ ಗೋಡೆ ಎಲ್ಲಿ ಮುಗಿಯಿತು ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ತಿಳಿಯದ ಜಾಗವನ್ನು ಮನಸ್ಸು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ಮೂಲೆ ಕತ್ತಲಾದರೆ ಹತ್ತು ಅಡಿಯ ಕೋಣೆಯಲ್ಲಿ ನಾವು ಬಾಳುವುದು ಏಳು ಅಡಿಯಲ್ಲಿ. ಮೂಲೆಯವರೆಗೆ ಬೆಳಕು ಮುಟ್ಟಿಸುವುದು ಹೇಗೆ ಎಂಬುದೇ ಇಡೀ ವಿಷಯದ ತಿರುಳು.

ಕಿಟಕಿಯಿಂದ ಒಳಗೆ ಬಂದ ಬೆಳಕು ಒಮ್ಮೆ ಬಿದ್ದು ಸುಮ್ಮನಾಗುವುದಿಲ್ಲ. ಗೋಡೆಗೆ ಬಡಿದು ಎದುರು ಗೋಡೆಗೆ, ಅಲ್ಲಿಂದ ಛತ್ತಿಗೆ, ಛತ್ತಿನಿಂದ ಮತ್ತೆ ಗೋಡೆಗೆ ಓಡಾಡುತ್ತಲೇ ಇರುತ್ತದೆ. ಹೊಸದಾಗಿ ಹಚ್ಚಿದ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹಿಂದಿರುಗಿಸುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಸಲ 100 ಪಾಲು ಬಿತ್ತು, 80 ಹಿಂದೆ ಬಂತು. ಎರಡನೆಯ ಗೋಡೆಯಿಂದ 64, ಮೂರನೆಯದರಿಂದ 51. ಹೀಗೆ ಕರಗುತ್ತ ಹೋಗುವ ಎಲ್ಲ ಪಾಲುಗಳನ್ನೂ ಕೂಡಿಸಿದರೆ ಗೋಡೆಗಳ ಮೇಲೆ ಬಿದ್ದ ಒಟ್ಟು ಬೆಳಕು 500 ಪಾಲಾಗುತ್ತದೆ. ಅದೇ ಕೋಣೆಗೆ ಅರ್ಧ ಬೆಳಕನ್ನು ನುಂಗುವ ಬಣ್ಣ ಹಚ್ಚಿದರೆ 100, 50, 25 ಎಂದು ಬೇಗ ಆರಿಹೋಗಿ ಒಟ್ಟು 200ಕ್ಕೆ ನಿಲ್ಲುತ್ತದೆ. ಕಿಟಕಿ ಒಂದೇ, ಸೂರ್ಯ ಒಬ್ಬನೇ, ಫಲದಲ್ಲಿ ಮಾತ್ರ ಎರಡೂವರೆ ಪಟ್ಟು ವ್ಯತ್ಯಾಸ. ನಿಜವಾದ ಕೋಣೆಯಲ್ಲಿ ಬಾಗಿಲು, ಕಪಾಟು, ನೆಲ, ಬಟ್ಟೆಬರೆ ಒಂದಿಷ್ಟು ಬೆಳಕನ್ನು ಕುಡಿಯುತ್ತವೆ, ಹಾಗಾಗಿ ಅಂತರ ಇಷ್ಟು ದೊಡ್ಡದಿರಲಿಕ್ಕಿಲ್ಲ. ಲೆಕ್ಕದ ದಾರಿ ಮಾತ್ರ ಇದೇ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಬರುತ್ತದೆ. ಒಲೆಯ ಹೊಗೆ, ಧೂಳು ಕೂತು 80 ಪಾಲು ಹಿಂದಿರುಗಿಸುತ್ತಿದ್ದ ಗೋಡೆ 70ಕ್ಕೆ ಇಳಿಯಿತೆನ್ನಿ. ನೋಡಿದರೆ ಗೋಡೆ ಇನ್ನೂ ಬೆಳ್ಳಗೇ ಇದೆ. ಆದರೆ 500 ಇದ್ದ ಬೆಳಕು 333ಕ್ಕೆ ಬಂದಿರುತ್ತದೆ. ಮೂರರಲ್ಲಿ ಒಂದು ಪಾಲು ಹೋಯಿತು! ನಮ್ಮ ತಾಯಂದಿರು ಯುಗಾದಿಗೆ ಇಲ್ಲವೆ ಮಾನವಮಿಗೆ ಪ್ರತಿವರ್ಷ ತಪ್ಪದೆ ಮನೆಗೆ ಸುಣ್ಣ ಹಚ್ಚುತ್ತಿದ್ದುದು ಹಬ್ಬದ ಸಂಭ್ರಮಕ್ಕೆ. ಅದರ ಜೊತೆಗೆ ವರ್ಷವಿಡೀ ಕರಗಿಹೋದ ಬೆಳಕೂ ಮನೆಗೆ ಮರಳಿ ಬರುತ್ತಿತ್ತು.

ಆ ಹಳೆಯ ಮನೆಗಳನ್ನು ಒಮ್ಮೆ ನೆನೆಯೋಣ. ಸವದತ್ತಿ, ರಾಮದುರ್ಗ, ಬೈಲಹೊಂಗಲದ ಎರೆನಾಡಿನಲ್ಲಿ ಮಾಳಿಗೆಯ ಮನೆಗಳು. ದಪ್ಪ ಕಲ್ಲುಮಣ್ಣಿನ ಗೋಡೆ, ಕಂಬ, ತೊಲೆ, ಜಂತಿ, ಮೇಲೆ ಮೇಲ್ಮುದ್ದೆ. ಬಿಸಿಲಿಗೂ ಕಳ್ಳರಿಗೂ ಹೆದರಿ ಕಿಟಕಿಗಳನ್ನು ತೀರ ಸಣ್ಣದಾಗಿ ಇಡುತ್ತಿದ್ದರು, ಕೆಲವೆಡೆ ಇಡುತ್ತಲೇ ಇರಲಿಲ್ಲ. ನಡುಮನೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ. ಆಕಾಶದಿಂದ ನೇರವಾಗಿ ಇಳಿದ ಆ ಒಂದು ಕೋಲು ಬೆಳಕನ್ನು ಹಿಡಿದು ಇಡೀ ನಡುಮನೆಗೆ ಹಂಚುತ್ತಿದ್ದದ್ದು ಸುಣ್ಣದ ಗೋಡೆ. ಕಿಟಕಿ ಇದ್ದಲ್ಲಿ ಅದರ ಎರಡೂ ಪಕ್ಕೆಗಳಿಗೆ ತಪ್ಪದೆ ಸುಣ್ಣ ಬೀಳುತ್ತಿತ್ತು. ಗೋಡೆ ಎರಡು ಅಡಿ ದಪ್ಪವಿದ್ದರೆ ಹೊರಗಿನ ಬೆಳಕು ಮೊದಲು ಮುಟ್ಟುವುದು ಆ ಪಕ್ಕೆಗಳನ್ನೇ. ಗೋಡೆಯ ಬುಡಕ್ಕೆ ಒಂದು ಗೇಣಿನಷ್ಟು ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದರು. ನೆಲ ಸಾರಿಸುವಾಗ ಸಿಡಿಯುವ ಸಗಣಿಯ ಹನಿ ಆ ಪಟ್ಟಿಯಲ್ಲಿ ಅಡಗುತ್ತಿತ್ತು, ಮೇಲಿನ ಬಿಳುಪು ಕೆಡುತ್ತಿರಲಿಲ್ಲ. ಬೆಳಕಿಂಡಿ, ಸುಣ್ಣ, ಕೆಮ್ಮಣ್ಣು, ಮೂರಕ್ಕೂ ಒಂದಕ್ಕೊಂದು ಲೆಕ್ಕವಿತ್ತು.

ಸ್ಲ್ಯಾಬಿನ ಮನೆ ಬಂದಾಗ ಬೆಳಕಿಂಡಿ ಮುಚ್ಚಿಹೋಯಿತು. ಕಿಟಕಿ ಬಂತು ನಿಜ, ಆದರೆ ಊರೊಳಗಿನ ಜಾಗ ಅಣ್ಣತಮ್ಮಂದಿರಲ್ಲಿ ಪಾಲಾಗಿ ಆಗಿ, ಕಿಟಕಿ ತೆರೆದರೆ ಮೂರು ಅಡಿ ಆಚೆ ಪಕ್ಕದ ಮನೆಯ ಸಿಮೆಂಟು ಗೋಡೆ. ಬೆಳಕು ಹೀಗೆ ಕಡಿಮೆಯಾದ ಕಾಲಕ್ಕೇ ಅಂಗಡಿಯ ಶೇಡ್ ಕಾರ್ಡು ಮನೆಗೆ ಬಂತು. ಒಂದು ಗೋಡೆಗೆ ಕಡುನೇರಳೆ, ಇನ್ನೊಂದಕ್ಕೆ ಗಾಢ ಕಿತ್ತಳೆ, ಕೆಳಗರ್ಧಕ್ಕೆ ಮಿರಿಮಿರಿ ಮಿಂಚುವ ಕಂದು ಆಯಿಲ್ ಪೇಂಟು. ಕಾರ್ಡಿನಲ್ಲಿ ಬೆರಳಗಲದ ಚೌಕವಾಗಿ ಚೆಂದ ಕಾಣುವ ಬಣ್ಣ ನಾಲ್ಕು ಗೋಡೆ ಹತ್ತಿದಾಗ ತುಂಬ ಗಾಢವಾಗುತ್ತದೆ, ಏಕೆಂದರೆ ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಚೆಲ್ಲುತ್ತವೆ. ಅಷ್ಟು ಖರ್ಚು ಮಾಡಿ, ಹಗಲು ಹನ್ನೆರಡಕ್ಕೆ ಟ್ಯೂಬ್‌ಲೈಟ್ ಹಾಕಿಕೊಂಡು ಕೂರುವ ಕುಟುಂಬಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬಣ್ಣ ಮತ್ತು ಕೋಣೆಯ ಎತ್ತರದ ಬಗ್ಗೆ ಜರ್ಮನಿಯ ಮೈಂಜ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ಪ್ರಯೋಗ ಮಾಡಿ 2010ರಲ್ಲಿ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ರಚಿಸಿದ ಕೋಣೆಗಳ ಬಣ್ಣ ಬದಲಿಸುತ್ತ, ಎತ್ತರ ಎಷ್ಟಿರಬಹುದು ಎಂದು ನೋಡುಗರನ್ನು ಕೇಳಿದರು. ಛತ್ತು ತಿಳಿಬಣ್ಣದ್ದಾದಷ್ಟೂ ಕೋಣೆ ಎತ್ತರವಾಗಿ ಕಂಡಿತು. ಇದು ಎಲ್ಲರೂ ಊಹಿಸಿದ್ದೇ. ಆದರೆ ಗೋಡೆಗಳು ತಿಳಿಯಾದಾಗಲೂ ಎತ್ತರ ಹೆಚ್ಚಿದಂತೆ ಕಂಡಿತು, ಎರಡೂ ತಿಳಿಯಾದರೆ ಎರಡರ ಪರಿಣಾಮವೂ ಕೂಡಿಕೊಂಡಿತು. ಛತ್ತು ಬಿಳಿಯಿದ್ದು ಗೋಡೆ ಗಾಢವಾಗಿದ್ದರೆ ಛತ್ತು ಮೇಲೆದ್ದು ಕಾಣುತ್ತದೆ ಎಂಬ ಹಳೆಯ ನಂಬಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ. ನೆಲದ ಬಣ್ಣದಿಂದಲೂ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ನಮ್ಮವರಿಗೆ ಇದು ಸಮಾಧಾನದ ಮಾತು. ಕೆಳಗಿನ ಶಹಾಬಾದ ಫರ್ಸಿಯನ್ನೋ ಕಪ್ಪು ಕಡಪಾ ಕಲ್ಲನ್ನೋ ಕಿತ್ತು ಹೊಳೆಯುವ ಟೈಲ್ಸ್ ಹಾಕಿಸಬೇಕಾಗಿಲ್ಲ. ಆ ದುಡ್ಡು ಉಳಿಯಲಿ, ಮೇಲೆ ನೋಡಿ.

ಮೇಲೆ ಎಂದರೆ ಛತ್ತು. ಸ್ಲ್ಯಾಬಿಗೆ ಅಚ್ಚ ಬಿಳಿ. ನಡುವೆ ಬೀಮ್ ಇಳಿದಿದ್ದರೆ ಅದಕ್ಕೂ ಅದೇ ಬಿಳಿ. ಬೀಮಿಗೆ ಬೇರೆ ಬಣ್ಣ ಬಳಿದು ಎತ್ತಿ ತೋರಿಸಿದರೆ ಅದು ತಲೆಯ ಮೇಲೆ ಇಳಿದಂತೆ ಕಾಣುತ್ತದೆ. ಪತ್ರಾಸಿನ ಮನೆಯಾದರೆ ತಗಡಿನ ಒಳಬದಿಗೂ ಬಿಳಿ ಹಚ್ಚಬಹುದು. ತಗಡಿಗೆ ಮೊದಲು ಲೋಹದ ಪ್ರೈಮರ್ ಬಿದ್ದಿರಬೇಕು, ಇಲ್ಲವಾದರೆ ಒಂದೇ ಬೇಸಿಗೆಗೆ ಹಕ್ಕಳೆ ಏಳುತ್ತದೆ. ಹಳೆಯ ಮಾಳಿಗೆಯ ಮನೆ ಇನ್ನೂ ಉಳಿಸಿಕೊಂಡಿರುವ ಪುಣ್ಯವಂತರು ಜಂತಿಗಳಿಗೆ ಬಣ್ಣ ಬಳಿಯುವುದು ಬೇಡ. ನೂರು ವರ್ಷದ ಕಟ್ಟಿಗೆಯ ಚೆಲುವು ಕೆಡುತ್ತದೆ. ಗೋಡೆಗೆ ಸುಣ್ಣ ಸಾಕು, ಬೆಳಕಿಂಡಿಯ ಗಾಜು ಒರೆಸಿದರೆ ಇನ್ನೂ ಒಳ್ಳೆಯದು.

ಗೋಡೆಗೆ ಯಾವ ಬಿಳಿ ಎಂಬ ಪ್ರಶ್ನೆಗೆ ನಾಲ್ಕೂ ತಾಲೂಕುಗಳಿಗೆ ಒಂದೇ ಉತ್ತರವಿಲ್ಲ. ಕಿತ್ತೂರು ಮಲೆನಾಡಿನ ಸೆರಗು. ಕೆಂಪು ಮಣ್ಣು, ಹಂಚಿನ ಮನೆಗಳು, ಜಿಟಿಜಿಟಿ ಮಳೆ. ತಿಂಗಳುಗಟ್ಟಲೆ ಮೋಡದ ಬೆಳಕು ತಣ್ಣಗೆ, ನೀಲಿ ಛಾಯೆಯಲ್ಲಿರುತ್ತದೆ. ಅಲ್ಲಿ ಅಚ್ಚ ಬಿಳಿ ಗೋಡೆ ಮಬ್ಬಾಗಿ, ಬೂದಿ ಹಿಡಿದಂತೆ ಕಾಣುತ್ತದೆ. ಬಿಳಿಗೆ ಚೂರು ಹಳದಿ ಬೆರೆಸಿದ ಕೆನೆಬಣ್ಣ ಅಂಥ ಕೋಣೆಗೆ ಜೀವ ಕೊಡುತ್ತದೆ. ಹಂಚುಗಳ ನಡುವೆ ಒಂದೆರಡು ಗಾಜಿನ ಹಂಚು ಕೂರಿಸಿದರೆ ಬೆಳಕಿಂಡಿಯ ಕೆಲಸ ಅಲ್ಲಿಯೂ ಆಗುತ್ತದೆ. ಪೂರ್ವಕ್ಕೆ ಬಂದಂತೆ ಮಳೆ ಕಡಿಮೆ, ಬಿಸಿಲು ಹರಿತ. ರಾಮದುರ್ಗದಲ್ಲಿ ಚೈತ್ರ ವೈಶಾಖದ ಬಿಸಿಲು ಕಿಟಕಿಯ ಎದುರಿನ ಅಚ್ಚ ಬಿಳಿ ಗೋಡೆಗೆ ಬಡಿದರೆ ಕಣ್ಣು ಕುಕ್ಕುತ್ತದೆ. ಅಲ್ಲಿ ಬಿಳಿಯ ಕಾವು ತಗ್ಗಿಸಲು ತುಸು ಹಸಿರು ಅಥವಾ ಬೂದು ಛಾಯೆ ಸೇರಿದರೆ ಹಿತ. ಬೈಲಹೊಂಗಲ, ಸವದತ್ತಿಗಳು ಇವೆರಡರ ನಡುವೆ. ಕಿಟಕಿ ಯಾವ ದಿಕ್ಕಿಗಿದೆ ನೋಡಿ ತೀರ್ಮಾನಿಸಬೇಕು. ಬಡಗು ದಿಕ್ಕಿನ ಕಿಟಕಿಗೆ ಕೆನೆಬಣ್ಣ, ಪಡುವಣ ಕಿಟಕಿಗೆ ತಣ್ಣನೆಯ ಬಿಳಿ.

ರಾಮದುರ್ಗ ಎಂದಾಗ ನೇಕಾರರನ್ನು ಮರೆಯಲಾಗದು. ರಾಮದುರ್ಗ, ಸುರೇಬಾನ ಕಡೆ ಮಗ್ಗ ಇರುವುದು ಮನೆಯೊಳಗೇ. ಮಗ್ಗ ಕೋಣೆಯ ಬಹುಪಾಲು ನುಂಗಿದ ಮೇಲೆ ಉಳಿದ ಸಂದಿಯಲ್ಲಿ ಸಂಸಾರ. ಅಲ್ಲಿ ಬೆಳಕೆಂದರೆ ಕೂಲಿ. ಹಾಸಿನಲ್ಲಿ ಒಂದು ಎಳೆ ಕಡಿದದ್ದು ತಕ್ಷಣ ಕಾಣದಿದ್ದರೆ ಬಟ್ಟೆಯಲ್ಲಿ ದೋಷ ಉಳಿಯುತ್ತದೆ, ಬಟ್ಟೆಯ ಬೆಲೆ ಇಳಿಯುತ್ತದೆ. ಮೂಲೆಯಲ್ಲಿ ಕೂತು ಕಂಡಿಕೆ ಸುತ್ತುವ ಹೆಣ್ಣುಮಕ್ಕಳ ಕಣ್ಣು ವರ್ಷಗಟ್ಟಲೆ ಆ ಮಬ್ಬಿನಲ್ಲೇ ಸವೆಯುತ್ತದೆ. ಮಗ್ಗದ ಕೋಣೆಗೆ ಎರಡು ವಿಷಯ ಹೇಳುತ್ತೇನೆ. ನೇಯುವವರ ಬೆನ್ನ ಹಿಂದಿನ ಗೋಡೆ ಮತ್ತು ಮೇಲಿನ ಛತ್ತು ಬೆಳ್ಳಗಿರಲಿ, ಬೆಳಕು ಅಲ್ಲಿಂದ ನೂಲಿನ ಮೇಲೆ ನೆರಳಿಲ್ಲದೆ ಹರಡುತ್ತದೆ. ಕಣ್ಣೆದುರಿನ ಗೋಡೆ ಮಾತ್ರ ಹೊಳಪಿಲ್ಲದ ತಿಳಿಹಸಿರಾಗಿರಲಿ. ಬಿಳಿನೂಲು ಬಿಳಿಗೋಡೆಯಲ್ಲಿ ಕರಗಿಹೋಗದೆ ಎಳೆ ಎಳೆಯಾಗಿ ಕಾಣುತ್ತದೆ. ಹತ್ತಿಯ ಧೂಳು ದಿನವೂ ಕೂರುವ ಕೋಣೆಯಾದ್ದರಿಂದ ಒದ್ದೆಬಟ್ಟೆಯಲ್ಲಿ ಒರೆಸಬಲ್ಲ ಇಮಲ್ಶನ್‌ಗೆ ಇಲ್ಲಿ ದುಡ್ಡು ಹಾಕಿದರೆ ನಷ್ಟವಿಲ್ಲ.

ಕೆಳಗರ್ಧ ಗಾಢ ಬಣ್ಣದ ಪಟ್ಟಿ ಬೇಕೇ ಬೇಕು ಎನ್ನುವವರು ಬಹಳ. ಮಕ್ಕಳ ಕೈ ಹತ್ತಿ ಗೋಡೆ ಹೊಲಸಾಗುತ್ತದೆ ಎಂಬುದು ಅವರ ಕಾರಣ, ಅದು ಖರೆ. ಆದರೆ ನಾಲ್ಕು ಅಡಿಗೆ ಒಂದು ಗೆರೆ ಎಳೆದ ಕೂಡಲೇ ಹತ್ತು ಅಡಿ ಎತ್ತರದ ಗೋಡೆ ಎರಡು ತುಂಡಾಗುತ್ತದೆ. ಕಣ್ಣು ಮೇಲೇರುವುದನ್ನು ಬಿಟ್ಟು ಆ ಗೆರೆಯ ಗುಂಟ ಸುತ್ತು ಹಾಕುತ್ತದೆ. ಪಟ್ಟಿ ಬೇಕಾದರೆ ಹಿರಿಯರ ಹಾಗೆ ಬುಡಕ್ಕೆ ಒಂದು ಗೇಣು ಇಡಿ. ಅದಕ್ಕಿಂತ ಎತ್ತರ ಬೇಕಾದರೆ ಮೇಲಿನ ಬಣ್ಣದ್ದೇ ತುಸು ಗಟ್ಟಿ ಛಾಯೆ ತೆಗೆದುಕೊಳ್ಳಿ, ಗೆರೆ ಎದ್ದು ಕಾಣುವುದಿಲ್ಲ.

ಹಾಗಾದರೆ ಮನೆಯಲ್ಲಿ ಬಣ್ಣವೇ ಬೇಡವೇ? ಬೇಕು. ಇಳಕಲ್ಲ ಸೀರೆಯ ಕೆಂಪು ಸೆರಗು, ಎಲ್ಲಮ್ಮನ ಭಂಡಾರದ ಹಳದಿ ಕಂಡು ಬೆಳೆದ ನಮ್ಮ ಕಣ್ಣಿಗೆ ಬರೀ ಬಿಳಿ ಸಾಲದು, ಸಾಲಬೇಕು ಎಂದು ನಾನು ಹೇಳುವುದೂ ಇಲ್ಲ. ಗಾಢ ಬಣ್ಣವನ್ನು ಗೋಡೆಯೊಳಗಿನ ಗೂಡಿಗೆ, ದೇವರ ಜಗಲಿಗೆ, ಬಾಗಿಲ ಚೌಕಟ್ಟಿಗೆ ಕೊಡಿ. ಬಿಳಿಯ ನಡುವೆ ಒಂದು ಗೂಡು ಕೆಂಪಗಿದ್ದರೆ ಆ ಗೂಡು ಎದ್ದು ಕಾಣುತ್ತದೆ, ಮನೆಗೂ ಕಳೆ. ಪಾಲಾದ ಜಾಗದಲ್ಲಿ ಎದ್ದ ಉದ್ದನೆಯ, ಅಗಲವಿಲ್ಲದ ಕೋಣೆಗಳಿಗೆ ಇನ್ನೊಂದು ಉಪಾಯವಿದೆ. ಎರಡು ಉದ್ದ ಗೋಡೆಗಳಿಗೆ ಬಿಳಿ, ಕೊನೆಯ ಕಿರಿದಾದ ಗೋಡೆಗೆ ತುಸು ಗಟ್ಟಿ ಬಣ್ಣ. ತಿಳಿಯಾದ ಗೋಡೆಗಳು ದೂರ ಸರಿದಂತೆ, ಗಟ್ಟಿ ಬಣ್ಣದ್ದು ಹತ್ತಿರ ಬಂದಂತೆ ಕಂಡು, ಕೋಣೆ ತನ್ನ ಆಕಾರ ಸರಿಪಡಿಸಿಕೊಳ್ಳುತ್ತದೆ.

ಇನ್ನು ಹಚ್ಚುವ ಸಾಮಾನಿನ ಮಾತು. ಕಲ್ಲುಮಣ್ಣಿನ ಗೋಡೆಗೆ ಸುಣ್ಣವೇ ಸರಿ. ಅದು ಗೋಡೆಯೊಳಗಿನ ಹಸಿಯನ್ನು ಹೊರಬಿಡುತ್ತದೆ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಹಸಿ ಹೋಗದ ಗೋಡೆಗೆ ಪುಟ್ಟಿ ಬಳಿದು ಆಯಿಲ್ ಪೇಂಟು ಹೊಡೆದರೆ ನೀರು ಒಳಗೇ ಸಿಕ್ಕಿಬೀಳುತ್ತದೆ, ಉಪ್ಪು ಅರಳಿ ಹಾಳೆಹಾಳೆಯಾಗಿ ಬಣ್ಣ ಉದುರುತ್ತದೆ. ಸುಣ್ಣದ ಹರಳಿಗೆ ನೀರು ಹಾಕಿದಾಗ ಕೊತಕೊತ ಕುದಿಯುತ್ತದೆ, ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಸಿಡಿದರೆ ಬಹಳ ಹೊತ್ತು ಧಾರಾಳ ನೀರಿನಲ್ಲಿ ತೊಳೆದು ನೇರ ದವಾಖಾನೆಗೆ ಹೋಗಿ. ಅರಳಿದ ಸುಣ್ಣವನ್ನು ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿ, ತುಸು ಅಂಟು ಬೆರೆಸಿ, ತೆಳ್ಳಗೆ ಎರಡು ಮೂರು ಸಲ ಹಚ್ಚಬೇಕು. ಒಮ್ಮೆಲೇ ದಪ್ಪಗೆ ಬಳಿದದ್ದು ಮೈಗೆ ಹತ್ತುತ್ತದೆ. ನೀಲಿ ಚಿಟಿಕೆಯಷ್ಟೇ ಸಾಕು. ಹಳದಿ ಛಾಯೆ ಕಳೆದು ಬಿಳುಪು ಎದ್ದು ಕಾಣಲಿ ಎಂದು ನೀಲಿ ಹಾಕುತ್ತೇವೆ, ಆದರೆ ಹೆಚ್ಚಾದರೆ ಅದೂ ಬೆಳಕನ್ನೇ ನುಂಗುತ್ತದೆ.

ಸಿಮೆಂಟು ಗಿಲಾವಿನ ಗೋಡೆಗೆ ಡಿಸ್ಟೆಂಪರ್ ಅಥವಾ ಹೊಳಪಿಲ್ಲದ ಇಮಲ್ಶನ್. ಸಣ್ಣ ಕೋಣೆಗೆ ಮಿಂಚುವ ಬಣ್ಣ ನಾನು ಹೇಳುವುದಿಲ್ಲ. ಗೋಡೆಯ ಉಬ್ಬುತಗ್ಗೆಲ್ಲ ಎತ್ತಿ ತೋರಿಸುತ್ತದೆ, ಬಲ್ಬಿನ ಬೆಳಕು ಒಂದೇ ಕಡೆ ಕಣ್ಣಿಗೆ ಹೊಡೆಯುತ್ತದೆ. ಖಾದಿ ಆಯೋಗ 2021ರ ಜನವರಿಯಲ್ಲಿ ಹೊರತಂದ ಸಗಣಿಯಿಂದ ತಯಾರಿಸಿದ ಪ್ರಾಕೃತಿಕ ಪೇಂಟು ಡಿಸ್ಟೆಂಪರ್, ಇಮಲ್ಶನ್ ಎರಡೂ ರೂಪದಲ್ಲಿದೆ. ಬಿಳಿಯಲ್ಲಿ ಸಿಕ್ಕಿದರೆ ಪರೀಕ್ಷಿಸಿ ನೋಡಬಹುದು. ಹಳೆಯ ಬಾಗಿಲು, ಕಿಟಕಿಗಳ ಆಯಿಲ್ ಪೇಂಟನ್ನು ಮಾತ್ರ ಒಣದಾಗಿ ಉಜ್ಜಬೇಡಿ. ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂಬ 2016ರ ಕೇಂದ್ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದ್ದಿರಬಹುದು, ಆ ಪುಡಿ ಕೂಸುಗಳ ಹೊಟ್ಟೆಗೆ ಹೋದರೆ ಮಿದುಳಿನ ಬೆಳವಣಿಗೆಗೆ ಪೆಟ್ಟು. ನೀರು ಹಚ್ಚಿ ಒದ್ದೆಯಾಗಿ ಉಜ್ಜಿ, ಕೆಳಗೆ ಹಾಳೆ ಹಾಸಿ, ಬಿದ್ದ ಪುಡಿಯನ್ನೆಲ್ಲ ಕಟ್ಟಿ ಹೊರಗೆ ಹಾಕಿ. ಆ ದಿನ ಬಸುರಿ ಹೆಣ್ಣುಮಕ್ಕಳು, ಸಣ್ಣ ಮಕ್ಕಳು ಬೇರೆ ಮನೆಯಲ್ಲಿರಲಿ.

ಎಲ್ಲ ಗೋಡೆಗೂ ಒಮ್ಮೆಲೇ ಹಚ್ಚಲು ಕೈಯಲ್ಲಿ ದುಡ್ಡಿಲ್ಲ ಎನ್ನುವವರೇ ನಮ್ಮಲ್ಲಿ ಹೆಚ್ಚು. ಅವರಿಗೊಂದು ಪರೀಕ್ಷೆ ಹೇಳುತ್ತೇನೆ. ಬೆಳಿಗ್ಗೆ ಹತ್ತರ ಸುಮಾರಿಗೆ ಲೈಟು ಆರಿಸಿ, ಕಿಟಕಿ ತೆರೆದು, ಒಂದು ಒಗೆದ ಬಿಳಿ ಧೋತರವನ್ನು ಒಂದೊಂದು ಗೋಡೆಗೂ ಸರದಿಯಂತೆ ಹಿಡಿಯಿರಿ. ಇಬ್ಬರು ಹಿಡಿಯಲಿ, ಒಬ್ಬರು ಬಾಗಿಲಲ್ಲಿ ನಿಂತು ನೋಡಲಿ. ಯಾವ ಗೋಡೆಗೆ ಹಿಡಿದಾಗ ಮೂಲೆಗಳು ಹೆಚ್ಚು ಬೆಳಗುತ್ತವೋ ಅದಕ್ಕೆ ಮೊದಲು ಬಣ್ಣ ಬೀಳಲಿ. ಸಾಮಾನ್ಯವಾಗಿ ಅದು ಕಿಟಕಿಯ ಎದುರಿನ ಗೋಡೆಯಾಗಿರುತ್ತದೆ. ಅದಾದ ಮೇಲೆ ಛತ್ತು, ನಂತರ ಕಿಟಕಿಯ ಪಕ್ಕೆಗಳು, ಕಪಾಟಿನ ಒಳಬದಿ. ಕಿಟಕಿ ಇರುವ ಗೋಡೆ ಕೊನೆಗೆ ಬಂದರೂ ನಡೆಯುತ್ತದೆ, ಆದರೆ ಅದನ್ನು ಗಾಢವಾಗಿ ಬಿಡಬೇಡಿ. ಕತ್ತಲೆ ಗೋಡೆಯ ನಡುವೆ ಬೆಳಗುವ ಕಿಟಕಿ ಕಣ್ಣು ಚುಚ್ಚುತ್ತದೆ.

ಬಕೆಟ್ಟಿನಲ್ಲಿ ಸುಣ್ಣ ಉಳಿದರೆ ಚೆಲ್ಲಬೇಡಿ. ಕಿಟಕಿಯಾಚೆ ಮೂರಡಿಯಲ್ಲಿ ನಿಂತಿರುವ ಪಕ್ಕದ ಮನೆಯ ಗೋಡೆಯಿದೆಯಲ್ಲ, ನಿಮ್ಮ ಕೋಣೆಗೆ ಬೆಳಕು ಬರುವುದು ಅದಕ್ಕೆ ಬಡಿದೇ. ಆ ಮನೆಯವರನ್ನು ಕರೆದು, ‘ಕಾಕಾ, ನಿಮ್ಮ ಗ್ವಾಡಿಗೆ ನಮ್ಮ ಕಡೆಯಿಂದ ಸುಣ್ಣಾ ಹಚ್ಚಿ ಕೊಡ್ತೇವ್ರಿ’ ಎಂದು ಕೇಳಿ. ಅವರ ಗೋಡೆ ಚೊಕ್ಕವಾಗುತ್ತದೆ, ನಿಮ್ಮ ಮನೆಗೆ ಬೆಳಕು ಬರುತ್ತದೆ. ಅವರ ಕಿಟಕಿಯ ಎದುರಿಗಿರುವ ನಿಮ್ಮ ಗೋಡೆಗೂ ಅದೇ ದಿನ ಎರಡು ಕೈ ಹಚ್ಚಿಬಿಡಿ.